ಕ್ಯಾನ್ಸರ್ ಚಿಕಿತ್ಸೆಯ ಪರೀಕ್ಷೆಯೂ ಸಾರ್ವಜನಿಕರ ಹಣವೂ

ಮನೆಯಲ್ಲಿ ಒಬ್ಬರಿಗೆ ದೊಡ್ಡ ರೋಗವೊಂದು ತಗುಲಿತೆಂದರೆ ಬುದ್ಧಿ ಹೇಳುವವರಿಗೆ ಬರಗಾಲವಿಲ್ಲ. ನೆರೆಮನೆಯಾಕೆ ಬಂದು, “ನಮ್ಮ ದೊಡ್ಡಮ್ಮನಿಗೂ ಹೀಗೆಯೇ ಎದೆಯಲ್ಲಿ ಗಂಟು ಎದ್ದಿತ್ತು ಕಣಮ್ಮ, ನಾರುಬೇರಿನ ಕಷಾಯ ಕುಡಿಸಿದೆವು, ಮೂರು ತಿಂಗಳಲ್ಲಿ ಕರಗಿಹೋಯಿತು” ಎನ್ನುವಳು. ಬೀಗರು ಬಂದು, “ಚಾಕು ತಗುಲಿಸಿದಿರೋ, ರೋಗ ಮೈಗೆಲ್ಲ ಹರಡೀತು, ಜೋಕೆ” ಎನ್ನುವರು. ಇವರಾರೂ ನಮ್ಮ ಕೇಡನ್ನು ಬಯಸುವವರಲ್ಲ. ಆದರೆ ಆ ದೊಡ್ಡಮ್ಮನ ಗಂಟು ಕ್ಯಾನ್ಸರಿನ ಗಂಟೇ ಆಗಿತ್ತೋ ಇಲ್ಲವೋ, ಅದು ಕಷಾಯದಿಂದ ಕರಗಿತೋ ತಾನಾಗಿಯೇ ಕರಗಿತೋ, ಅದೇ ಕಷಾಯವನ್ನು ಕುಡಿದೂ ಬದುಕದವರು ಎಷ್ಟು ಮಂದಿಯೋ, ಇವನ್ನು ಕೇಳುವವರಿಲ್ಲ. ಗುಣವಾದವರು ಬಂದು ಹೇಳುತ್ತಾರೆ. ಗುಣವಾಗದವರು ಹೇಳಲು ಬರುವುದಿಲ್ಲ.

ನೆರೆಹೊರೆಯವರ ಮಾತು ಹಾಗಿರಲಿ; ವೈದ್ಯರಾದರೂ ಬಹುಕಾಲ ಹೀಗೆಯೇ ನಡೆದುಬಂದವರು. ಗುರುಗಳು ಮಾಡಿದುದನ್ನು ತಾವೂ ಮಾಡುವುದು, ತಮ್ಮ ಕೈಯಲ್ಲಿ ಗುಣಹೊಂದಿದ ಹತ್ತು ಮಂದಿಯನ್ನು ನೆನೆದು ತಮ್ಮ ಚಿಕಿತ್ಸೆಯೇ ಮೇಲೆಂದು ನಂಬುವುದು, ಇದೇ ರೂಢಿಯಾಗಿತ್ತು. ಆ ನಂಬಿಕೆಯಲ್ಲಿ ಕಪಟವಿರಲಿಲ್ಲ; ಆದರೆ ಪ್ರಮಾಣವೂ ಇರಲಿಲ್ಲ. ಪ್ರಮಾಣವನ್ನು ಒದಗಿಸುವ ಮಾರ್ಗ ಯಾವುದು, ಆ ಮಾರ್ಗದಲ್ಲಿ ನಡೆಯುವುದಕ್ಕೆ ತಗಲುವ ವೆಚ್ಚವನ್ನು ಯಾರು ಕೊಡಬೇಕು, ಎಂಬೆರಡು ವಿಷಯಗಳನ್ನು ಕುರಿತು ನಾವು ಇಲ್ಲಿ ನಾಲ್ಕು ಮಾತುಗಳನ್ನು ಬರೆಯಬೇಕೆಂದಿದ್ದೇವೆ. ಇದು ಪಂಡಿತರ ಚರ್ಚೆಯೆಂದು ನಮ್ಮ ವಾಚಕರು ಹಾಳೆ ಮಗುಚಬಾರದು. ಇದು ಪ್ರತಿಯೊಂದು ಮನೆಯ ಹೊಸ್ತಿಲಿಗೂ ಒಂದಲ್ಲ ಒಂದು ದಿನ ಬಂದು ನಿಲ್ಲುವ ವಿಷಯ.

ಹೊಸ ಬೀಜವೊಂದು ಬಂದಾಗ ಜಾಣನಾದ ರೈತನು ಏನು ಮಾಡುತ್ತಾನೆ? ಒಂದು ತಾಕಿನಲ್ಲಿ ಹೊಸದನ್ನೂ ಪಕ್ಕದ ತಾಕಿನಲ್ಲಿ ಹಳೆಯದನ್ನೂ ಬಿತ್ತಿ, ನೀರು ಗೊಬ್ಬರಗಳನ್ನು ಸಮನಾಗಿ ಕೊಟ್ಟು, ಸುಗ್ಗಿಯಲ್ಲಿ ಎರಡನ್ನೂ ಅಳೆದು ನೋಡುತ್ತಾನೆ. ಚಿಕಿತ್ಸೆಯ ಪರೀಕ್ಷೆಯೂ ಇದೇ ರೀತಿಯದು. ಒಂದೇ ಬಗೆಯ ರೋಗವಿರುವವರನ್ನು ಅವರ ಒಪ್ಪಿಗೆಯನ್ನು ಪಡೆದು ಎರಡು ಗುಂಪು ಮಾಡಿ, ಒಂದಕ್ಕೆ ರೂಢಿಯ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಹೊಸ ಚಿಕಿತ್ಸೆಯನ್ನೂ ಕೊಟ್ಟು, ವರ್ಷಗಟ್ಟಲೆ ಕಾದು ಫಲವನ್ನು ಹೋಲಿಸುವುದು. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರು ಆರಿಸುವಂತಿಲ್ಲ. ಚೀಟಿ ಎತ್ತಿದಂತೆ ಅದು ದೈವವಶಾತ್ ನಿರ್ಣಯವಾಗಬೇಕು. ವೈದ್ಯರೇ ಆರಿಸಿದರೆ, ಗಟ್ಟಿಮುಟ್ಟಾದವರನ್ನು ತಮಗೆ ಪ್ರಿಯವಾದ ಚಿಕಿತ್ಸೆಗೆ ಅರಿಯದೆಯೇ ಸೇರಿಸಿಬಿಡುವ ಸಂಭವವುಂಟು.

ಇಲ್ಲಿ ಒಂದು ತೊಡಕುಂಟು. ಹೊಸ ಚಿಕಿತ್ಸೆಯಿಂದ ನೂರಕ್ಕೆ ನಾಲ್ಕು ಮಂದಿ ಹೆಚ್ಚಾಗಿ ಬದುಕುವರೆನ್ನೋಣ. ಐವತ್ತು ರೋಗಿಗಳನ್ನು ನೋಡಿದರೆ ಆ ಭೇದ ಕಣ್ಣಿಗೆ ಬೀಳದು. ಸಾವಿರಾರು ಮಂದಿಯನ್ನು ನೋಡಿದರೆ ಮಾತ್ರ ತೋರುವುದು. ಅಷ್ಟು ಮಂದಿ ಒಂದೇ ಆಸ್ಪತ್ರೆಗೆ ಬೇಗನೆ ಒದಗುವುದು ಅಪೂರ್ವ. ಆದಕಾರಣ ಹಲವು ಊರುಗಳ, ಹಲವು ದೇಶಗಳ ಆಸ್ಪತ್ರೆಗಳು ಒಂದೇ ಕ್ರಮವನ್ನೊಪ್ಪಿ ಜೊತೆಗೂಡಬೇಕು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆಯೆಂಬ ನಮ್ಮ ಗಾದೆಯೇ ಇದರ ತತ್ತ್ವ. ಆದರೆ ಕೂಡಿ ಮಾಡುವುದಕ್ಕೆ ಖರ್ಚುಂಟು. ಲೆಕ್ಕ ಬರೆಯುವವರು ಬೇಕು, ಅದನ್ನು ತಾಳೆ ನೋಡುವವರು ಬೇಕು, ಐದು ಹತ್ತು ವರ್ಷಗಳ ಕಾಲ ರೋಗಿಗಳ ಕ್ಷೇಮವನ್ನು ವಿಚಾರಿಸುತ್ತಿರುವ ದಾದಿಯರು ಬೇಕು.

ಈ ಹಣ ಎಲ್ಲಿಂದ ಬರಬೇಕು? ಔಷಧದ ಕಂಪನಿಯವರು ತಮ್ಮ ಹೊಸ ಔಷಧದ ಪರೀಕ್ಷೆಗೆ ಧಾರಾಳವಾಗಿ ಕೊಡುತ್ತಾರೆ. ಅದರಿಂದ ಲೋಕಕ್ಕೆ ಉಪಕಾರವೂ ಆಗಿದೆ. ವ್ಯಾಪಾರಿಯು ಲಾಭವನ್ನು ನೋಡುವುದು ತಪ್ಪಲ್ಲ. ಆದರೆ, ಹತ್ತು ಪೈಸೆಯ ಹಳೆಯ ಔಷಧವೇ ಸಾಕಾದೀತೇ? ದೊಡ್ಡ ಶಸ್ತ್ರಕ್ರಿಯೆಯ ಬದಲು ಚಿಕ್ಕದೇ ಸಾಕೇ? ಈ ರೋಗಿಗೆ ಔಷಧವೇ ಬೇಡವೇ? ಇಂಥ ಪ್ರಶ್ನೆಗಳ ಉತ್ತರದಿಂದ ಯಾವ ಅಂಗಡಿಗೂ ಲಾಭವಿಲ್ಲ. ಲಾಭವಾಗುವುದು ರೋಗಿಗೆ, ಅವಳ ಸಂಸಾರಕ್ಕೆ. ಆದುದರಿಂದ ಈ ಪ್ರಶ್ನೆಗಳನ್ನು ಕೇಳುವ ಭಾರವು ಸಾರ್ವಜನಿಕರದೇ ಆಗುತ್ತದೆ. ಇದಕ್ಕೆ ಅಮೆರಿಕ ದೇಶದ ಚರಿತ್ರೆಯಲ್ಲಿಯೂ ನಮ್ಮ ದೇಶದಲ್ಲಿಯೂ ದೃಷ್ಟಾಂತಗಳುಂಟು.

ಮೊದಲು ಮಕ್ಕಳ ಕಥೆ. ರಕ್ತದ ಕ್ಯಾನ್ಸರಿನಲ್ಲಿ ಒಂದು ತೀವ್ರವಾದ ಬಗೆ ಎಳೆಯ ಮಕ್ಕಳನ್ನು ಹಿಡಿಯುತ್ತದೆ. ೧೯೪೭ರವರೆಗೆ ಇದಕ್ಕೆ ಮದ್ದೇ ಇರಲಿಲ್ಲ. ಆಡುತ್ತಿದ್ದ ಕೂಸು ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳುಗಳಲ್ಲಿ, ತಾಯಿಯ ಮಡಿಲಲ್ಲಿ ಕಣ್ಣು ಮುಚ್ಚುತ್ತಿತ್ತು. ಆ ವರ್ಷ ಬಾಸ್ಟನ್ ನಗರದ ಸಿಡ್ನಿ ಫಾರ್ಬರ್ ಎಂಬ ವೈದ್ಯನು ಅಮಿನಾಪ್ಟರಿನ್ ಎಂಬ ಔಷಧವನ್ನು ಕೊಟ್ಟು ನೋಡಿದನು. ಅದನ್ನು ಸಿದ್ಧಪಡಿಸಿಕೊಟ್ಟ ಲೆಡರ್ಲೆ ಪ್ರಯೋಗಶಾಲೆಯ ತಂಡದ ಮುಖ್ಯರು ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು ಎಂಬುದು ಭಾರತೀಯರಾದ ನಮಗೆಲ್ಲ ಅಭಿಮಾನದ ಸಂಗತಿ. ೧೯೪೮ರ ಜೂನ್ ತಿಂಗಳಲ್ಲಿ ಫಾರ್ಬರನು ಪ್ರಕಟಿಸಿದ ವರದಿಯಂತೆ, ೧೬ ಮಕ್ಕಳಲ್ಲಿ ೧೦ ಮಕ್ಕಳು ಚೇತರಿಸಿಕೊಂಡರು. ಆದರೆ ಆ ಚೇತರಿಕೆ ನಿಲ್ಲಲಿಲ್ಲ. ಕೆಲವು ತಿಂಗಳಲ್ಲಿ ರೋಗ ಮರಳಿತು. ಸುಬ್ಬರಾಯರೂ ಅದೇ ವರ್ಷದ ಆಗಸ್ಟಿನಲ್ಲಿ ತೀರಿಕೊಂಡರು.

ಬಾಗಿಲು ಸ್ವಲ್ಪ ತೆರೆದಿತ್ತು. ಒಳಗೆ ಹೋಗುವ ಬಗೆ ಮಾತ್ರ ತಿಳಿದಿರಲಿಲ್ಲ. ಒಂದೊಂದು ಆಸ್ಪತ್ರೆಗೆ ವರ್ಷಕ್ಕೆ ಬರುತ್ತಿದ್ದ ಇಂಥ ಮಕ್ಕಳು ಕೆಲವರೇ. ಆ ದೇಶದಲ್ಲಿ ೧೯೩೭ರ ಶಾಸನದಿಂದ ಸ್ಥಾಪಿತವಾದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯೊಂದು ಇದ್ದಿತು. ೧೯೫೫ರಲ್ಲಿ ಅಲ್ಲಿನ ಶಾಸನಸಭೆಯಾದ ಕಾಂಗ್ರೆಸ್ಸು ಕ್ಯಾನ್ಸರಿನ ಔಷಧಗಳ ಶೋಧನೆಗೆಂದು ೫೦ ಲಕ್ಷ ಡಾಲರುಗಳನ್ನು ಮಂಜೂರು ಮಾಡಿತು. ಹಲವು ಆಸ್ಪತ್ರೆಗಳ ವೈದ್ಯರು ಒಂದೇ ಕ್ರಮದಂತೆ ಚಿಕಿತ್ಸೆ ಮಾಡಿ ಲೆಕ್ಕವನ್ನು ಒಂದೆಡೆ ಕೂಡಿಸುವ ಸಹಕಾರಮಂಡಲಿಗಳು ಆಗ ಏರ್ಪಟ್ಟವು. ಫ್ರೈ, ಹಾಲೆಂಡ್ ಮೊದಲಾದವರ ಮುಂದಾಳುತನದಲ್ಲಿ ರಕ್ತದ ಕ್ಯಾನ್ಸರಿಗಾಗಿ ಹುಟ್ಟಿದ ಮಂಡಲಿಯು ಅವುಗಳಲ್ಲಿ ಮೊದಲನೆಯವುಗಳ ಸಾಲಿಗೆ ಸೇರಿದುದು.

ಮುಂದೆ ನಡೆದುದು ಪವಾಡವಲ್ಲ, ತಾಳ್ಮೆಯ ಕೆಲಸ. ಎರಡು ಔಷಧಗಳನ್ನು ಒಟ್ಟಿಗೆ ಕೊಡುವುದು ಮೇಲೋ, ಒಂದಾದ ಮೇಲೊಂದೋ? ದಿನವೂ ಕೊಡುವುದೋ, ಬಿಟ್ಟು ಬಿಟ್ಟು ಕೊಡುವುದೋ? ಔಷಧ ತಲುಪದ ಮಿದುಳಿನಲ್ಲಿ ಅಡಗಿದ ರೋಗವನ್ನು ಹೊರಡಿಸುವುದು ಹೇಗೆ? ಒಂದೊಂದು ಪರೀಕ್ಷೆಯಿಂದ ಒಂದೊಂದು ಮೆಟ್ಟಿಲು. ೧೯೬೦ರ ಸುಮಾರಿನಲ್ಲಿ ಈ ರೋಗದಿಂದ ಪಾರಾಗುತ್ತಿದ್ದ ಮಕ್ಕಳು ನೂರಕ್ಕೆ ಹತ್ತಕ್ಕಿಂತ ಕಡಮೆ. ಇಂದು ಆ ದೇಶದಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಕ್ಕಳು ಬದುಕುತ್ತಾರೆ. ಇದರಲ್ಲಿ ಗಮನಿಸತಕ್ಕ ಅಂಶವೊಂದುಂಟು. ಇಷ್ಟು ಮಕ್ಕಳನ್ನು ಉಳಿಸಿದ ಔಷಧಗಳಲ್ಲಿ ಬಹುಪಾಲು ೧೯೭೦ಕ್ಕೆ ಮೊದಲೇ ತಿಳಿದಿದ್ದವು. ಹೊಸ ಮದ್ದು ಬಂದುದಕ್ಕಿಂತಲೂ ಇದ್ದ ಮದ್ದನ್ನು ಎಷ್ಟು, ಯಾವಾಗ, ಯಾವುದರೊಡನೆ ಕೊಡಬೇಕೆಂಬ ಅರಿವು ಬಂದುದೇ ಹೆಚ್ಚು. ಈ ಅರಿವನ್ನು ಸೀಸೆಯಲ್ಲಿ ತುಂಬಿ ಮಾರುವಂತಿಲ್ಲ. ೨೦೦೦ದಲ್ಲಿ ಮಕ್ಕಳ ಕ್ಯಾನ್ಸರಿನ ನಾಲ್ಕು ಮಂಡಲಿಗಳು ಒಂದಾದವು. ಆ ಒಕ್ಕೂಟದಲ್ಲಿ ಇನ್ನೂರಕ್ಕೂ ಹೆಚ್ಚು ಆಸ್ಪತ್ರೆಗಳುಂಟು.

ಇನ್ನು ಹೆಂಗಸರ ಕಥೆ. ಬಾಲ್ಟಿಮೋರ್ ನಗರದ ಹಾಲ್ಸ್ಟೆಡ್ ಎಂಬ ಖ್ಯಾತ ಶಸ್ತ್ರವೈದ್ಯನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಸ್ತನದ ಕ್ಯಾನ್ಸರಿಗೆ ಸ್ತನವನ್ನೂ ಅದರ ಕೆಳಗಿನ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಬೇರುಸಹಿತ ತೆಗೆದುಹಾಕುವ ಕ್ರಮವನ್ನು ಬಳಕೆಗೆ ತಂದನು. ಸುಮಾರು ೮೦ ವರ್ಷಗಳ ಕಾಲ ಅದೇ ವೇದವಾಕ್ಯವಾಯಿತು. ಎಷ್ಟೋ ಹೆಂಗಸರು ತೋಳು ಊದಿ, ಎದೆಗೂಡು ಹಳ್ಳಬಿದ್ದು, ಕೈಯೆತ್ತಲಾರದೆ ಉಳಿದ ಆಯುಷ್ಯವನ್ನು ಕಳೆದರು. ಅಷ್ಟೆಲ್ಲ ಕೊಯ್ಯುವುದು ಅಗತ್ಯವೇ ಎಂದು ಕೇಳಿದರೆ ರೋಗಿಯ ಪ್ರಾಣದೊಡನೆ ಆಟವಾಡುವವರೆಂಬ ನಿಂದೆ ಬರುತ್ತಿತ್ತು.

ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಷರ್ ಎಂಬ ಶಸ್ತ್ರವೈದ್ಯನು ಅದನ್ನು ಕೇಳಿದನು. ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಹಣದಿಂದ ೧೯೭೧ರಲ್ಲಿ ಅವನ ಮಂಡಲಿಯು ಒಂದು ಪರೀಕ್ಷೆಯನ್ನು ಆರಂಭಿಸಿತು; ೧,೬೬೫ ಹೆಂಗಸರು ಅದರಲ್ಲಿ ಸೇರಿದರು. ಸ್ನಾಯುಗಳನ್ನು ತೆಗೆದವರೂ ತೆಗೆಯದವರೂ ಸಮಾನವಾಗಿಯೇ ಬದುಕಿದರು. ೧೯೭೬ರಲ್ಲಿ ಮತ್ತೊಂದು ಪರೀಕ್ಷೆ ಮೊದಲಾಯಿತು: ಇಡೀ ಸ್ತನವನ್ನು ತೆಗೆಯುವುದೋ, ಗಂಟನ್ನು ಮಾತ್ರ ತೆಗೆಯುವುದೋ? ಇದರಲ್ಲಿ ೨,೦೦೦ಕ್ಕೂ ಹೆಚ್ಚು ಹೆಂಗಸರು ಸೇರಿದರು. ೨೦ ವರ್ಷಗಳ ಲೆಕ್ಕವು ೨೦೦೨ರಲ್ಲಿ ಪ್ರಕಟವಾಯಿತು. ಬದುಕಿ ಉಳಿದವರ ಪ್ರಮಾಣದಲ್ಲಿ ಭೇದವಿರಲಿಲ್ಲ. ಗಂಟನ್ನು ಮಾತ್ರ ತೆಗೆದು ಕಿರಣಚಿಕಿತ್ಸೆಯನ್ನು ಮಾಡದಿದ್ದವರಲ್ಲಿ ಅದೇ ಸ್ತನದಲ್ಲಿ ರೋಗ ಮರಳಿದುದು ನೂರಕ್ಕೆ ೩೯ ಮಂದಿಗೆ. ಕಿರಣಚಿಕಿತ್ಸೆಯನ್ನೂ ಮಾಡಿಸಿಕೊಂಡವರಲ್ಲಿ ನೂರಕ್ಕೆ ೧೪ ಮಂದಿಗೆ. ಆದಕಾರಣ ರೋಗವು ಮೊದಲ ಹಂತದಲ್ಲಿದ್ದಾಗ ಗಂಟನ್ನು ತೆಗೆದು ಕಿರಣ ಕೊಡುವ ಪದ್ಧತಿ ಲೋಕದಲ್ಲೆಲ್ಲ ಹರಡಿತು. ಕಡಮೆ ಕೊಯ್ಯುವುದನ್ನು ಪರೀಕ್ಷಿಸಲು ಯಾವ ವ್ಯಾಪಾರಿಯು ಹಣ ಕೊಡುತ್ತಿದ್ದನು?

ಅಂಚೆಚೀಟಿಯ ಕಥೆಯೊಂದನ್ನೂ ಹೇಳಿಬಿಡುವೆವು. ಅಮೆರಿಕದ ಅಂಚೆಯವರು ೧೯೯೮ರಲ್ಲಿ ಸ್ತನಕ್ಯಾನ್ಸರಿನ ಸಂಶೋಧನೆಗೆಂದು ವಿಶೇಷ ಅಂಚೆಚೀಟಿಯನ್ನು ಹೊರಡಿಸಿದರು. ವಾಡಿಕೆಯ ಬೆಲೆಗಿಂತ ಕೆಲವು ಕಾಸು ಹೆಚ್ಚು ಕೊಟ್ಟು ಜನರು ಅದನ್ನು ಕೊಳ್ಳುತ್ತಿದ್ದರು. ಹೆಚ್ಚಿನ ಹಣವು ಸಂಶೋಧನೆಗೆ ಸಲ್ಲುತ್ತಿತ್ತು. ಆ ಹಣದಲ್ಲಿ ಒಂದು ಭಾಗವೂ ಸರ್ಕಾರದ ಬೊಕ್ಕಸದ ಹಣವೂ ಕೂಡಿ ೨೦೦೬ರಲ್ಲಿ ಟೈಲರೆಕ್ಸ್ ಎಂಬ ದೊಡ್ಡ ಪರೀಕ್ಷೆಯು ಆರಂಭವಾಯಿತು. ಆರು ದೇಶಗಳಿಂದ ೧೦,೨೭೩ ಹೆಂಗಸರು ಸೇರಿದರು. ಹಾರ್ಮೋನಿಗೆ ಬಗ್ಗುವ, ಕಂಕುಳಿನ ಗ್ರಂಥಿಗಳಿಗೆ ಹರಡದ ಸ್ತನಕ್ಯಾನ್ಸರ್ ಇರುವವರಿಗೆ ಶಸ್ತ್ರಕ್ರಿಯೆಯ ಮೇಲೆ ಹಾರ್ಮೋನಿನ ಮಾತ್ರೆಗಳೊಡನೆ ಕೀಮೋಥೆರಪಿಯೂ ಬೇಕೇ, ಎಂಬುದು ಅಲ್ಲಿಯ ಪ್ರಶ್ನೆ. ಗಂಟಿನ ೨೧ ಜೀನುಗಳನ್ನು ಪರೀಕ್ಷಿಸಿ ಅಂಕವನ್ನು ಕಟ್ಟಿದರು. ನಡುವಣ ಅಂಕ ಬಂದವರಲ್ಲಿ ಚೀಟಿ ಎತ್ತಿದಂತೆ ಅರ್ಧ ಮಂದಿಗೆ ಕೀಮೋಥೆರಪಿಯನ್ನು ಕೊಟ್ಟು ಉಳಿದವರಿಗೆ ಬಿಟ್ಟರು. ೨೦೧೮ರಲ್ಲಿ ಹೊರಬಂದ ಫಲವು ಇದು: ಕೀಮೋಥೆರಪಿಯಿಲ್ಲದವರೂ ಉಳಿದವರಷ್ಟೇ ಚೆನ್ನಾಗಿದ್ದರು, ೫೦ ವಯಸ್ಸಿಗೆ ಒಳಪಟ್ಟವರಲ್ಲಿ ಕೆಲವರಿಗೆ ಮಾತ್ರ ಅದರಿಂದ ಸ್ವಲ್ಪ ಲಾಭ ಕಂಡಿತು. ಕೂದಲುದುರಿ, ವಾಂತಿಯಿಂದ ಸೊರಗಿ, ಮಕ್ಕಳಿಗೆ ಅನ್ನ ಬಡಿಸಲೂ ಶಕ್ತಿಯಿಲ್ಲದೆ ಕಳೆಯಬೇಕಾಗಿದ್ದ ತಿಂಗಳುಗಳು ಎಷ್ಟು ಮಂದಿ ತಾಯಂದಿರಿಗೆ ಉಳಿದವೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ. ಕಾಗದದ ಮೇಲೆ ಅಂಟಿಸಿದ ಚೀಟಿಯೊಂದು ಮಾಡಿದ ಕೆಲಸವಿದು.

ಇದೆಲ್ಲ ಶ್ರೀಮಂತ ದೇಶದ ಮಾತು, ನಮ್ಮಲ್ಲಿ ಎಲ್ಲಿಯದು, ಎಂದು ಯಾರಾದರೂ ಕೇಳಬಹುದು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯು ೧೯೪೧ರಲ್ಲಿ ಟಾಟಾ ಮನೆತನದ ಧರ್ಮನಿಧಿಯಿಂದ ಹುಟ್ಟಿ, ೧೯೬೨ರಿಂದ ಭಾರತಸರ್ಕಾರದ ಪರಮಾಣುಶಕ್ತಿ ಇಲಾಖೆಗೆ ಸೇರಿದೆ. ಡಾಕ್ಟರ್ ರಾಜೇಂದ್ರ ಬಡ್ವೆಯವರು ಅಲ್ಲಿ ಒಂದು ಸರಳವಾದ ಪ್ರಶ್ನೆಯನ್ನು ಎತ್ತಿದರು. ಸ್ತನದ ಗಂಟನ್ನು ಕೊಯ್ಯುವಾಗ ಅದರ ಕೆಲವು ಕಣಗಳು ಚೆದರಿ ಮೈಯಲ್ಲಿ ಬೇರೂರಬಹುದು. ಹಲ್ಲು ಕೀಳುವಾಗ ವಸಡಿಗೆ ಚುಚ್ಚಿ ನೋವು ತಿಳಿಯದಂತೆ ಮಾಡುವ ಲಿಡೋಕೇನ್ ಎಂಬ ಮದ್ದನ್ನು ಶಸ್ತ್ರಕ್ರಿಯೆಗೆ ಏಳು ಹತ್ತು ನಿಮಿಷ ಮುಂಚೆ ಗಂಟಿನ ಸುತ್ತಲೂ ಚುಚ್ಚಿದರೆ ಆ ಕಣಗಳ ಓಡಾಟ ತಗ್ಗೀತೇ? ೨೦೧೧ರಿಂದ ೨೦೨೨ರವರೆಗೆ ಭಾರತದ ೧೧ ಆಸ್ಪತ್ರೆಗಳಲ್ಲಿ ೧,೬೦೦ ಹೆಂಗಸರು ಈ ಪರೀಕ್ಷೆಯಲ್ಲಿ ಸೇರಿದರು. ವೆಚ್ಚವು ಪರಮಾಣುಶಕ್ತಿ ಇಲಾಖೆಯದು. ೨೦೨೩ರಲ್ಲಿ ಪ್ರಕಟವಾದ ಲೆಕ್ಕದಂತೆ, ಐದು ವರ್ಷಗಳ ಕಾಲ ಬದುಕಿದವರು ಮದ್ದು ಚುಚ್ಚಿಸಿಕೊಳ್ಳದವರಲ್ಲಿ ನೂರಕ್ಕೆ ೮೬.೪, ಚುಚ್ಚಿಸಿಕೊಂಡವರಲ್ಲಿ ೯೦.೧. ಆ ಮದ್ದಿನ ಬೆಲೆಯೋ, ನೂರು ರೂಪಾಯಿಗಿಂತ ಕಡಮೆ. ಇಷ್ಟು ಅಗ್ಗದ ಹಳೆಯ ಮದ್ದಿಗಾಗಿ ಹತ್ತು ವರ್ಷ ಕಾದು ಕೋಟಿಗಟ್ಟಲೆ ವ್ಯಯಮಾಡುವ ಕಂಪನಿಯು ಲೋಕದಲ್ಲಿಲ್ಲ. ಬೇರೆ ದೇಶಗಳಲ್ಲಿಯೂ ಇದನ್ನು ಪರೀಕ್ಷಿಸಿ ನೋಡಿದ ಮೇಲೆಯೇ ಸಿದ್ಧಾಂತವೆನ್ನಬೇಕೆಂದು ಹೇಳುವ ವೈದ್ಯರೂ ಇದ್ದಾರೆ. ಅದೂ ನ್ಯಾಯವೇ, ಪರೀಕ್ಷೆಯನ್ನು ಮತ್ತೆ ಪರೀಕ್ಷೆಯಿಂದಲೇ ಒರೆಹಚ್ಚಬೇಕು.

೨೦೧೨ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ಎಂಬ ಹೆಸರಿನಿಂದ ದೇಶದ ಕ್ಯಾನ್ಸರ್ ಆಸ್ಪತ್ರೆಗಳ ಒಕ್ಕೂಟವೊಂದು ಏರ್ಪಟ್ಟಿತು. ೧೯೭೩ರಲ್ಲಿ ಸ್ಥಾಪಿತವಾದ ನಮ್ಮ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಅದರಲ್ಲಿ ಸೇರಿದೆ. ಮಕ್ಕಳ ರಕ್ತದ ಕ್ಯಾನ್ಸರಿಗೆ ನಮ್ಮ ದೇಶದ ಮಕ್ಕಳ ಮೈಗೂ ನಮ್ಮ ಸಂಸಾರಗಳ ಅನುಕೂಲಕ್ಕೂ ತಕ್ಕ ಕ್ರಮವನ್ನು ಕಂಡುಹಿಡಿಯಲು ೨೦೧೬ರಲ್ಲಿ ಕೆಲವು ದೊಡ್ಡ ಆಸ್ಪತ್ರೆಗಳು ಒಟ್ಟುಗೂಡಿ ಪರೀಕ್ಷೆಯನ್ನಾರಂಭಿಸಿದವು. ಪರದೇಶದ ಲೆಕ್ಕವು ನಮಗೆ ದಾರಿ ತೋರಿಸಬಲ್ಲದು. ಆದರೆ ಅರೆಹೊಟ್ಟೆಯ ಮಗುವಿಗೆ ಅದೇ ಪ್ರಮಾಣದ ಔಷಧ ತಾಳುವುದೋ ಇಲ್ಲವೋ ಎಂಬುದನ್ನು ನಾವೇ ನೋಡಿ ತಿಳಿಯಬೇಕು.

ಇನ್ನು ಇದರ ದೋಷಗಳನ್ನೂ ಮುಚ್ಚಿಡಲಾಗದು. ಫಿಷರನ ಮಂಡಲಿಯಲ್ಲಿದ್ದ ಕೆನಡಾದ ವೈದ್ಯನೊಬ್ಬನು ಕೆಲವು ರೋಗಿಗಳ ವಿವರಗಳನ್ನು ತಿದ್ದಿ ಬರೆದಿದ್ದನೆಂಬುದು ೧೯೯೪ರಲ್ಲಿ ಬಯಲಾಗಿ ದೊಡ್ಡ ಕೋಲಾಹಲವಾಯಿತು. ಅವನ ರೋಗಿಗಳನ್ನೆಲ್ಲ ಬಿಟ್ಟು ಮತ್ತೆ ಲೆಕ್ಕ ಹಾಕಿದಾಗಲೂ ಹಿಂದಿನ ನಿರ್ಣಯವೇ ನಿಂತಿತು. ಹಲವರು ಕೂಡಿ ಮಾಡಿದ ಕೆಲಸದಲ್ಲಿ ಒಬ್ಬನ ತಪ್ಪಿನಿಂದ ಸತ್ಯವು ಕೆಡದಿರುವುದೂ ಒಂದು ಲಾಭವೇ. ಆದರೂ ಸಾರ್ವಜನಿಕರ ಹಣವಿದ್ದಲ್ಲಿ ಕಾವಲು ಬಿಗಿಯಾಗಿರಬೇಕೆಂಬ ಪಾಠವಾಯಿತು. ಎರಡನೆಯದು ಇನ್ನೂ ದೊಡ್ಡ ದೋಷ. ೨೦೧೦ರಲ್ಲಿ ಅಮೆರಿಕದ ವೈದ್ಯಪಂಡಿತರ ಸಮಿತಿಯೊಂದು ವಿಚಾರಿಸಿ ನೋಡಿದಾಗ, ರಾಷ್ಟ್ರೀಯ ಸಂಸ್ಥೆಯ ಆಶ್ರಯದ ಪರೀಕ್ಷೆಗಳಲ್ಲಿ ನೂರಕ್ಕೆ ಸುಮಾರು ನಲವತ್ತು ಕೊನೆಮುಟ್ಟದೆಯೇ ನಿಂತಿದ್ದವು. ಒಬ್ಬ ರೋಗಿಗೆಂದು ಆಸ್ಪತ್ರೆಗೆ ಕೊಡುತ್ತಿದ್ದುದು ೨,೦೦೦ ಡಾಲರು. ನಿಜವಾದ ಖರ್ಚು ಅದಕ್ಕಿಂತ ಬಹಳ ಹೆಚ್ಚು. ಅರ್ಧ ತೋಡಿದ ಬಾವಿಯಿಂದ ಯಾರ ಬಾಯಾರಿಕೆಯೂ ತೀರದು. ಹಣವನ್ನು ಅರೆಬರೆಯಾಗಿ ಕೊಡುವುದು ಉಳಿತಾಯವಲ್ಲ. ಕೊಟ್ಟ ಹಣವನ್ನೂ ನಂಬಿ ಬಂದ ರೋಗಿಗಳ ಸಹಾಯವನ್ನೂ ಒಟ್ಟಿಗೆ ನೀರುಪಾಲು ಮಾಡುವುದು. ಈ ವರದಿಯ ಮೇಲೆ ಅಲ್ಲಿನ ಮಂಡಲಿಗಳನ್ನು ಒಗ್ಗೂಡಿಸಿ ೨೦೧೪ರಲ್ಲಿ ಹೊಸ ಏರ್ಪಾಟನ್ನು ಮಾಡಿದರು.

“ನಮ್ಮವರ ಮೈಮೇಲೆ ಪ್ರಯೋಗವೇ?” ಎಂದು ಗೃಹಸ್ಥರು ಬೆದರುವುದು ಸಹಜ. ಆದರೆ ಕ್ಯಾನ್ಸರಿನ ಇಂಥ ಪರೀಕ್ಷೆಗಳಲ್ಲಿ ರೋಗಿಗೆ ಸಾಮಾನ್ಯವಾಗಿ ಅಂದಿನ ರೂಢಿಯ ಒಳ್ಳೆಯ ಚಿಕಿತ್ಸೆಯಾದರೂ ದೊರೆಯಲೇಬೇಕು. ಎರಡರಲ್ಲಿ ಯಾವುದು ಮೇಲೆಂದು ನಿಜವಾಗಿಯೂ ತಿಳಿಯದಿರುವಾಗ ಮಾತ್ರ ಚೀಟಿ ಎತ್ತುವುದು ಧರ್ಮ. ನಮ್ಮ ದೇಶದಲ್ಲಿ ನೀತಿಸಮಿತಿಯ ಒಪ್ಪಿಗೆಯೂ ರೋಗಿಯ ಲಿಖಿತ ಸಮ್ಮತಿಯೂ ಇಲ್ಲದೆ ಪರೀಕ್ಷೆ ನಡೆಯಕೂಡದು. ೨೦೧೯ರ ನಿಯಮಗಳಂತೆ ಹೊಸ ಔಷಧದ ಪರೀಕ್ಷೆಯಿಂದ ಹಾನಿಯಾದರೆ ಚಿಕಿತ್ಸೆಯನ್ನೂ ಪರಿಹಾರವನ್ನೂ ಕೊಡಬೇಕು. ಆದುದರಿಂದ ಆಸ್ಪತ್ರೆಯವರು ಕೇಳಿದಾಗ ಬೆದರಿ ಓಡಲೂ ಬೇಡ, ಓದದೆ ರುಜು ಹಾಕಲೂ ಬೇಡ. ಯಾವ ಚಿಕಿತ್ಸೆಯನ್ನು ಯಾವುದರೊಡನೆ ಹೋಲಿಸುವಿರಿ? ಸೇರದಿದ್ದರೆ ಏನು ಚಿಕಿತ್ಸೆ? ಖರ್ಚು ಯಾರದು? ಹಾನಿಯಾದರೆ ಹೊಣೆ ಯಾರು? ನಡುವೆ ಬಿಡಬಹುದೇ? ಈ ಐದು ಪ್ರಶ್ನೆಗಳನ್ನು ಕೇಳಿ, ಮನೆಯವರೊಡನೆ ಆಲೋಚಿಸಿ, ಆಮೇಲೆ ಹೌದು ಅಥವಾ ಇಲ್ಲವೆಂದು ಹೇಳಿರಿ. ಇಲ್ಲವೆಂದರೂ ಚಿಕಿತ್ಸೆಗೆ ಕುಂದು ಬರಕೂಡದು. ಒಪ್ಪಿದ ಮೇಲೆಯೂ ಬಿಡುವ ಹಕ್ಕು ನಿಮ್ಮದೇ.

ದೇವಋಣ, ಋಷಿಋಣ, ಪಿತೃಋಣಗಳೆಂದು ನಮ್ಮ ಹಿರಿಯರು ಎಣಿಸಿದರು. ಇಂದು ನಮ್ಮ ಮನೆಯ ಹೆಣ್ಣುಮಗಳೊಬ್ಬಳು ಗಂಟನ್ನು ಮಾತ್ರ ತೆಗೆಸಿಕೊಂಡು ಮನೆಗೆ ಬಂದು ಕೈಯೆತ್ತಿ ತಲೆ ಬಾಚಿಕೊಳ್ಳುತ್ತಿದ್ದರೆ, ರಕ್ತದ ಕ್ಯಾನ್ಸರಿನಿಂದ ಪಾರಾದ ಬಾಲಕನು ಬೀದಿಯಲ್ಲಿ ಬುಗುರಿ ಆಡುತ್ತಿದ್ದರೆ, ಅದರ ಹಿಂದೆ ನಮಗೆ ಹೆಸರು ಗೊತ್ತಿಲ್ಲದ ಸಾವಿರಾರು ಮಂದಿಯ ಋಣವುಂಟು. ಅವರಲ್ಲಿ ಎಷ್ಟೋ ಮಂದಿಗೆ ತಮ್ಮ ಪಾಲಿನ ಚೀಟಿಯಿಂದ ಲಾಭವಾಗಲಿಲ್ಲ. ತಮ್ಮ ತರುವಾಯ ಬರುವವರಿಗಾಗಲೆಂದು ಅವರು ಒಪ್ಪಿಕೊಂಡರು. ಅವರ ಕಡೆಯಿಂದ ಬಂದುದು ಮೈ; ಸಾರ್ವಜನಿಕರ ಕಡೆಯಿಂದ ಬಂದುದು ಹಣ. ಎರಡೂ ಕೂಡಿದಲ್ಲಿ ಮಾತ್ರ ಈ ಋಣವು ಮುಂದಿನವರಿಗೆ ಸಲ್ಲುವುದು. ನಾವು ಕೊಡುವ ಕಂದಾಯದಲ್ಲಿ ಒಂದು ಪಾಲು ಈ ಕೆಲಸಕ್ಕೆ ಸಲ್ಲುತ್ತಿದೆಯೇ, ಸಂದುದು ಕೊನೆಮುಟ್ಟುತ್ತಿದೆಯೇ ಎಂದು ನಮ್ಮ ಪ್ರತಿನಿಧಿಗಳನ್ನು ಕೇಳುವುದು ಗೃಹಸ್ಥರಾದ ನಮ್ಮೆಲ್ಲರ ಕರ್ತವ್ಯವಾಗಿರುತ್ತದೆ.